ನಾಗರತ್ನ ತಿದ್ದಿ ಬರೆದ ಕಥೆ

ಕಥೆ ಬರೆಯುವುದನ್ನು ಕಲಿಸುವ ಕೆಲಸಕ್ಕೆ ಸೇರಿಕೊಂಡಿದ್ದೇವೆ, ನಿಮ್ಮ ಅನುಭವವನ್ನು ನಾಲ್ಕು ಪುಟ ಬರೆದುಕೊಡಿ ಎಂದು ಒಬ್ಬ ಹುಡುಗ, ಒಬ್ಬ ಹುಡುಗಿ ಹೋದ ತಿಂಗಳು ತ್ಯಾಗರಾಜನಗರದ ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ ಆ ಹುಡುಗಿ, ಕಥೆ ಹೇಳಿಕೊಡೋದು ಎಷ್ಟು ನೆಮ್ಮದಿಯ ಕೆಲಸ ಅಲ್ವಾ ಸಾರ್, ಯಾರಿಗೂ ಒಂದು ಚೂರು ತೊಂದರೆ ಇಲ್ಲ ಎಂದಳು. ನನ್ನ ಹೆಂಡತಿ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿ ಒಳಗೆ ಹೋದಳು. ಈ ಬರಹ ಆ ಇಬ್ಬರಿಗಾಗಿ. ಓದಿದ ಮೇಲೂ ಆ ಕೆಲಸ ಮಾಡುತ್ತೇವೆ ಎಂದರೆ ಮಾಡಲಿ, ಬೇಡ ಎನ್ನುವುದಿಲ್ಲ.

ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಅಲ್ಲಿ ಸಿಕ್ಕಿದ ಬಡ್ತಿ, ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು, ಕೈಗಿತ್ತ ಹಣ್ಣಿನ ಬುಟ್ಟಿ ಇವುಗಳನ್ನೆಲ್ಲ ಬರೆದರೆ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ. ಬರೆಯಬೇಕಾದದ್ದು ಭಾನುವಾರದ ತರಗತಿಯ ವಿಷಯ. ತೊಂಬತ್ತರ ದಶಕದ ಆರಂಭದಿಂದ ಹಲವು ವರ್ಷ, ಭಾನುವಾರ ಬೆಳಿಗ್ಗೆ, ಅದೇ ಶಾಲೆಯ ಒಂದು ಕೊಠಡಿಯಲ್ಲಿ ದೊಡ್ಡವರಿಗೆ ಕಥೆ ಬರೆಯುವುದನ್ನು ಹೇಳಿಕೊಡುತ್ತಿದ್ದೆವು. ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳನ್ನು ಕಾಲೇಜಿಗೆ ದಾಟಿಸಿದ ಗೃಹಿಣಿಯರು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಹುಡುಗರು ಬರುತ್ತಿದ್ದರು. ಮಕ್ಕಳ ಡೆಸ್ಕಿನೊಳಗೆ ಮಂಡಿ ತೂರಿಸಲಾಗದೆ ಎಲ್ಲರೂ ಓರೆಯಾಗಿ ಕೂತಿರುತ್ತಿದ್ದರು.

ತರಗತಿ ಶುರು ಮಾಡಿದವರು ನಮ್ಮ ಶಾಲೆಯ ಹಿಂದಿನ ಮುಖ್ಯೋಪಾಧ್ಯಾಯರು. ಅವರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದೆವು. ಗಂಜಿ ಹಾಕಿದ ಜುಬ್ಬ, ತೀರ್ಪು ಕೊಡುವ ದನಿ. ನಾನು ಅವರಿಗೆ ಸಹಾಯಕ. ಅವರ ಎದುರು ನಾನು ಬಾಯಿ ಬಿಡುತ್ತಿದ್ದುದು ಕಡಿಮೆ, ಬಿಟ್ಟರೂ ಅದು ಹೌದು ಸಾರ್ ಎನ್ನುವುದಕ್ಕೆ.

ಮೊದಲ ಎರಡು ವರ್ಷ ಅವರು ನಿಯಮಗಳನ್ನು ಬೋರ್ಡಿನ ಮೇಲೆ ಬರೆಸಿದರು. ಆರಂಭ, ಬೆಳವಣಿಗೆ, ತಿರುವು, ಮುಕ್ತಾಯ. ಜನ ಭಕ್ತಿಯಿಂದ ಬರೆದುಕೊಂಡರು, ಒಂದು ಕಥೆಯೂ ಹುಟ್ಟಲಿಲ್ಲ. ಬೋರ್ಡಿನ ಮೇಲೆ ಕೆರೆ ಬರೆದು ಈಜು ಕಲಿಸಿದ ಹಾಗಾಯಿತು. ಆಮೇಲೆ ಪದ್ಧತಿ ಬದಲಾಯಿತು. ವಾರಕ್ಕೊಬ್ಬರು ಕಥೆ ತರಬೇಕು. ಅದನ್ನು ಬರೆದವರು ಓದಬಾರದು, ಬೇರೆಯವರು ಗಟ್ಟಿಯಾಗಿ ಓದಬೇಕು. ಓದಿ ಮುಗಿದ ಮೇಲೆ ಎಲ್ಲರೂ ಮಾತಾಡಬೇಕು, ಬರೆದವರು ಮಾತ್ರ ತುಟಿ ಬಿಚ್ಚಬಾರದು. ಕಥೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಪಕ್ಕದಲ್ಲಿ ನಿಂತು ನೀವು ಊರುಗೋಲು ಕೊಡಬಾರದು ಎಂದು ದೊಡ್ಡ ಮೇಷ್ಟ್ರು ಹೇಳುತ್ತಿದ್ದರು. ಅದು ಒಳ್ಳೆಯ ಪದ್ಧತಿಯೇ. ನೀವೂ ಹಾಗೇ ಮಾಡುತ್ತೀರಿ ಎಂದು ಕೇಳಿದ್ದೇನೆ.

ಆ ಪದ್ಧತಿಯ ಮೊದಲ ಎಡವಟ್ಟು ನಗು ತರಿಸುವಂಥದ್ದು. ಕುಮಾರಸ್ವಾಮಿ ಲೇಔಟಿನಲ್ಲಿ ಸ್ವಂತ ಮನೆ ಇದ್ದ ಒಬ್ಬ ಹಿರಿಯರು ತಮ್ಮ ಮಹಡಿಯ ಬಾಡಿಗೆದಾರರ ಗಂಡ ಹೆಂಡಿರ ಜಗಳವನ್ನು ಇದ್ದ ಹಾಗೇ ಕಥೆ ಮಾಡಿ ತಂದರು. ಅದನ್ನು ಗಟ್ಟಿಯಾಗಿ ಓದಿದ್ದು ಯಾರು ಅಂದರೆ ಆ ಬಾಡಿಗೆದಾರರ ಷಡ್ಡಕ. ಬರೆದವರಿಗೆ ಆ ನಂಟು ಗೊತ್ತಿರಲಿಲ್ಲ, ಓದುವವರಿಗೆ ಅದು ಯಾರ ಮನೆಯ ಕಥೆ ಎಂದು ಗೊತ್ತಿರಲಿಲ್ಲ. ಮೂರನೇ ಪುಟಕ್ಕೆ ಬರುವಾಗ ಓದುವವರ ದನಿ ನಿಂತುಹೋಯಿತು. ಮುಂದಿನ ತಿಂಗಳು ಮಹಡಿ ಖಾಲಿಯಾಯಿತು. ನಾವು ವರ್ಷಗಟ್ಟಲೆ ಅದನ್ನು ಹೇಳಿಕೊಂಡು ನಕ್ಕೆವು. ಕಥೆಯ ಕಾಗದ ಮನೆಯೊಳಗೆ ಹೋಗಿ ಏನು ಮಾಡಬಲ್ಲದು ಎಂದು ಯಾರೂ ಯೋಚಿಸಲಿಲ್ಲ.

ದೊಡ್ಡ ಮೇಷ್ಟ್ರ ಹತ್ತಿರ ಒಂದು ಪ್ರಶ್ನೆ ಇತ್ತು. ಯಾರ ಕಥೆ ಸಪ್ಪೆಯಾಗಿದ್ದರೂ ಅವರು ಕೇಳುತ್ತಿದ್ದುದು ಅದೊಂದನ್ನೇ: ಕೈಗೆ ಏನು ತಾಗಿತು? ದುಃಖವಾಯಿತು, ಭಯವಾಯಿತು ಎಂದೆಲ್ಲ ಬರೆಯಬೇಡಿ, ಆ ಹೊತ್ತಿನಲ್ಲಿ ಕೈಗೆ ಏನು ತಾಗಿತು ಅದನ್ನು ಬರೆಯಿರಿ ಎನ್ನುವರು. ವಿಜಾಪುರದ ಕಡೆಯ ಮಲ್ಲಿಕಾರ್ಜುನ ಎಂಬ ಹುಡುಗ ಬಿಟಿಎಂನಲ್ಲಿದ್ದ, ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಅವನು ಊರಿನ ನೆನಪಿನ ಬಗ್ಗೆ ಅತ್ತು ಕರೆದು ಬರೆದ ಕಥೆ ಯಾರಿಗೂ ಹಿಡಿಸಿರಲಿಲ್ಲ. ಈ ಪ್ರಶ್ನೆ ಕೇಳಿಸಿಕೊಂಡು ಹೋಗಿ, ಬಸ್ಸಿನಲ್ಲಿ ಬಂದ ಬುತ್ತಿಯ ಒಣಗಿದ ಕಟಕ ರೊಟ್ಟಿ ಬೆರಳಿಗೆ ತಾಗಿ ಮುರಿದದ್ದನ್ನು ಬರೆದು ತಂದ. ಕೇಳಿದವರು ಅದನ್ನೇ ಇನ್ನೊಮ್ಮೆ ಓದಿಸಿದರು. ಅಂದಿನಿಂದ ಆ ಪ್ರಶ್ನೆ ನಮಗೆ ಮಂತ್ರವಾಯಿತು.

ಆ ಕಾಲದಲ್ಲೇ ನಾಗರತ್ನ ಬಂದಳು. ಮೂವತ್ತು ದಾಟಿದ ಹೆಂಗಸು, ಪಿಯುಸಿ ಓದಿದ್ದಳು. ಗಂಡ ಮುನಿರಾಜು ಅರೆಕೆರೆಯ ಹಳೇ ಊರಿನವನು. ಹೊಲವೆಲ್ಲ ಸೈಟುಗಳಾದ ಮೇಲೆ ಬನ್ನೇರುಘಟ್ಟ ರಸ್ತೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದ. ಹೆಂಡತಿ ಮಂಕಾಗಿದ್ದಾಳೆ, ಎಲ್ಲಿಗಾದರೂ ನಾಲ್ಕು ಜನರ ನಡುವೆ ಕಳಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಶಾಲೆಯ ಗೇಟಿನಲ್ಲಿದ್ದ ನಮ್ಮ ಬೋರ್ಡು ನೋಡಿ ಅವನೇ ಸೇರಿಸಿದ. ಭಾನುವಾರ ಸ್ಕೂಟರಿನಲ್ಲಿ ಬಿಟ್ಟು, ತರಗತಿ ಮುಗಿಯುವವರೆಗೂ ಗೇಟಿನ ಹತ್ತಿರ ಪೇಪರ್ ಓದುತ್ತಾ ನಿಂತಿರುತ್ತಿದ್ದ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಬೇಕು.

ಇನ್ನೊಂದನ್ನೂ ಮೊದಲೇ ಹೇಳುತ್ತೇನೆ. ನಮಗೆ ಆಗ ಗೊತ್ತಿರಲಿಲ್ಲ, ಓದುವ ನಿಮಗೆ ಗೊತ್ತಿರಲಿ. ನಾಗರತ್ನಳ ಮೂರು ವರ್ಷದ ಮಗ ಹಿಂದಿನ ವರ್ಷ ಮನೆಯಂಗಳದ ಸಂಪಿನಲ್ಲಿ, ಅಂದರೆ ನೆಲದೊಳಗಿನ ನೀರಿನ ತೊಟ್ಟಿಯಲ್ಲಿ ಬಿದ್ದು ತೀರಿಕೊಂಡಿದ್ದ. ಆ ಕಡೆಗೆಲ್ಲ ಆಗ ಟ್ಯಾಂಕರ್ ನೀರೇ ಗತಿ. ಅಂದು ಟ್ಯಾಂಕರ್ ಎಳೆದು ತರುವ ಟ್ರ್ಯಾಕ್ಟರ್ ಸದ್ದು ಕೇಳಿ ಅತ್ತೆ ಅಕ್ಕಯ್ಯಮ್ಮ ಹೊರಗೆ ಬಂದು ಸಂಪಿನ ಕಬ್ಬಿಣದ ಮುಚ್ಚಳ ಎತ್ತಿಟ್ಟರು. ಟ್ಯಾಂಕರ್ ಪಕ್ಕದ ಬೀದಿಗೆ ತಿರುಗಿತು. ಅದನ್ನು ಕರೆಯಲು ಅವರು ಗೇಟು ದಾಟಿ ಹೋದರು. ಹುಡುಗ ಅಜ್ಜಿಯ ಹಿಂದೆಯೇ ಹೊರಗೆ ಬಂದಿದ್ದ. ನಾಗರತ್ನ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಅತ್ತೆ ಮುಚ್ಚಳ ಎತ್ತಿದ್ದನ್ನು ಮೇಲಿನಿಂದ ನೋಡಿದಳು, ಅವರು ಅಲ್ಲೇ ಇರುತ್ತಾರೆ ಎಂದುಕೊಂಡಳು.

ಮಗುವನ್ನು ಮೇಲೆತ್ತಿದಾಗ ಅಕ್ಕಯ್ಯಮ್ಮ ಎದೆ ಬಡಿದುಕೊಂಡು, ಮುಚ್ಚಳ ಯಾಕೇ ತೆಗೆದುಬಿಟ್ಟೆ ಎಂದು ಸೊಸೆಯನ್ನು ಕೇಳಿದರು. ದಿನಾ ಮುಚ್ಚಳ ತೆಗೆಯುತ್ತಿದ್ದವಳು ಸೊಸೆಯೇ. ಅವಳ ಬಾಯಿಂದ ಮಾತು ಹೊರಡಲಿಲ್ಲ. ಸುಮ್ಮನಿದ್ದದ್ದನ್ನು ಮನೆಯವರು ಒಪ್ಪಿಗೆ ಎಂದುಕೊಂಡರು. ಆಮೇಲೆ ಯಾರೂ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಎಂಟು ವರ್ಷದ ಮಗಳು ಕಾವ್ಯಳನ್ನು ಮಾತ್ರ ಅಜ್ಜಿಯ ಕೋಣೆಗೆ ಸೇರಿಸಿದರು. ಸ್ನಾನ ಅಜ್ಜಿ ಮಾಡಿಸುವುದು, ಜಡೆ ಅಜ್ಜಿ ಹಾಕುವುದು. ಸ್ವಂತ ಮಗಳ ತಲೆ ಬಾಚಲು ನಾಗರತ್ನ ಕೇಳಿಕೊಂಡು ನಿಲ್ಲಬೇಕಾಗಿತ್ತು. ಅವಳಿಗೆ ಬೇಕಾಗಿದ್ದುದು ಒಂದೇ, ಆ ಮಗಳು ಮತ್ತೆ ತನ್ನ ಪಕ್ಕದಲ್ಲಿ ಮಲಗುವುದು.

ಇದನ್ನು ಯಾರಿಗೂ ಹೇಳದವಳು ನಮ್ಮ ತರಗತಿಗೆ ಕಥೆಯಾಗಿ ಬರೆದು ತಂದಳು. ಹೆಸರು ಬದಲಿಸಿದ್ದಳು. ಮಿಕ್ಕಿದ್ದೆಲ್ಲ ನಡೆದ ಹಾಗೇ ಇತ್ತು. ಅಜ್ಜಿ ಮುಚ್ಚಳ ತೆಗೆಯುವುದು, ಮೇಲಿನಿಂದ ತಾಯಿ ನೋಡುವುದು. ಗಟ್ಟಿಯಾಗಿ ಓದುವ ಸರದಿ ಅಂದು ನನ್ನದು. ಓದುತ್ತಿರುವಾಗ ನೋಡಿದೆ, ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಾ ಕೂತಿದ್ದಳು. ಹೊಸಬರು ಎಲ್ಲರೂ ಹಾಗೇ ಕೂರುತ್ತಾರೆ.

ಚರ್ಚೆ ಶುರುವಾಯಿತು. ವಿಷಯ ಚೆನ್ನಾಗಿದೆ, ಆದರೆ ಇದು ಪೇಪರಿನ ಸುದ್ದಿಯ ಹಾಗಿದೆ ಎಂದರು ಬ್ಯಾಂಕಿನವರೊಬ್ಬರು. ತಾಯಿ ಮೇಲೆ ನಿಂತು ನೋಡುತ್ತಾಳೆ ಅಷ್ಟೇ, ಅವಳು ಏನೂ ಮಾಡುವುದೇ ಇಲ್ಲವಲ್ಲ ಎಂದರು ಒಬ್ಬ ಗೃಹಿಣಿ. ಆಗ ಮಲ್ಲಿಕಾರ್ಜುನ ಎದ್ದು ನಿಂತ. ಅವನ ಕಣ್ಣಲ್ಲಿ ಹೊಳಪಿತ್ತು, ಒಳ್ಳೆಯ ಉಪಾಯ ಹೊಳೆದವರಿಗೆ ಇರುವಂಥದ್ದು.

“ಸರ, ಅಜ್ಜಿ ಅಲ್ಲ, ತಾಯೀನ ಮುಚ್ಚಳ ತಗದಿಟ್ಟಾಳ ಅಂತ ಮಾಡಿದ್ರ ಹ್ಯಾಂಗ್ರೀ? ಆವಾಗ ಓದೋರ ಎದಿ ಒಡೀತೈತಿ.”

ಕೊಠಡಿಯಲ್ಲಿ ಎಲ್ಲರೂ ಹೌದು ಹೌದು ಎಂದರು. ದೊಡ್ಡ ಮೇಷ್ಟ್ರು ಮೇಜು ತಟ್ಟಿ, ಮುಖ್ಯ ಪಾತ್ರದ ಕೈ ಕೊಳೆಯಾಗದೆ ಕಥೆ ಆಗುವುದಿಲ್ಲ, ಈ ಹುಡುಗ ಸರಿಯಾಗಿ ಹಿಡಿದ ಎಂದು ತೀರ್ಪು ಕೊಟ್ಟರು. ಬರೆದವಳು ಮಾತಾಡುವ ಹಾಗಿರಲಿಲ್ಲ.

ತರಗತಿ ಬಿಟ್ಟ ಮೇಲೆ ಕೊಳಾಯಿಯ ಹತ್ತಿರ ನನ್ನನ್ನು ನಿಲ್ಲಿಸಿ, ಅಜ್ಜಿಯೇ ತೆಗೆದಿದ್ದು ಅಂತ ಇದ್ದರೆ ಕಥೆ ಆಗಲ್ವಾ ಸಾರ್ ಎಂದು ಕೇಳಿದಳು. ಅದೂ ಕಥೆಯೇ, ಆದರೆ ಇದು ಇನ್ನೂ ಗಟ್ಟಿ ಎಂದೆ. ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ ಸ್ಕೂಟರಿನ ಕಡೆ ಹೋದಳು. ಯಾಕೆ ಒಪ್ಪಿದೆ ಎಂದು ಬಹಳ ದಿನಗಳ ನಂತರ ಕೇಳಿದಾಗ, ಅತ್ತೆಯ ಮೇಲೆ ಬರೆಯುವುದಕ್ಕಿಂತ ತನ್ನ ಮೇಲೇ ಬರೆದುಕೊಳ್ಳುವುದು ಸುಲಭವಾಗಿತ್ತು ಎಂದಳು. ಮನೆಯಲ್ಲಿ ಹೇಗೂ ಅದೇ ರೂಢಿಯಾಗಿತ್ತಂತೆ.

ಎರಡನೇ ಕರಡಿನಲ್ಲಿ ತಾಯಿ ಮುಚ್ಚಳ ತೆಗೆದಿದ್ದಳು. ಆದರೆ ಬರವಣಿಗೆ ಒಣಗಿತ್ತು. ದೊಡ್ಡ ಮೇಷ್ಟ್ರು ತಮ್ಮ ಪ್ರಶ್ನೆ ಕೇಳಿದರು. ಕೈಗೆ ಏನು ತಾಗಿತಮ್ಮಾ? ಕಣ್ಣು ಮುಚ್ಚಿಕೊಂಡು ಆ ಜಾಗದಲ್ಲಿ ನಿಂತುಕೋ, ಮುಚ್ಚಳ ಎತ್ತು, ಕೈಗೆ ಏನು ತಾಗುತ್ತೆ ನೋಡು ಎಂದರು. ಅವಳು ಅಲ್ಲೇ ಡೆಸ್ಕಿನಲ್ಲಿ ಕಣ್ಣು ಮುಚ್ಚಿದಳು. ಮುಂದಿನ ವಾರ ಬಂದ ಕರಡಿನಲ್ಲಿ ಬಿಸಿಲಿಗೆ ಕಾದ ಹಿಡಿ ಅಂಗೈ ಸುಟ್ಟಿತ್ತು. ಅದರ ಮುಂದಿನದರಲ್ಲಿ ತುಕ್ಕಿನ ಬಣ್ಣ ಕೈಗೆ ಹತ್ತಿತ್ತು, ಅವಳು ಅದನ್ನು ಸೀರೆಗೆ ಒರೆಸಿಕೊಂಡಿದ್ದಳು. ಆಮೇಲೆ ಮುಚ್ಚಳ ಎತ್ತುವಾಗ ಸೊಂಟ ಹಿಡಿದುಕೊಂಡದ್ದು ಬಂತು, ಟ್ಯಾಂಕರಿನವನನ್ನು ಕೂಗಿ ಗಂಟಲು ಒಣಗಿದ್ದು ಬಂತು. ಝೆರಾಕ್ಸ್ ಪ್ರತಿಗಳನ್ನು ಹಂಚಿಕೊಂಡು ಎಲ್ಲರೂ ಕೆಂಪು ಪೆನ್ನು ಹಿಡಿದು ಕೂತೆವು. ಇಲ್ಲಿ ಇನ್ನೂ ಸ್ವಲ್ಪ, ಅಲ್ಲಿ ಇನ್ನೂ ಸ್ವಲ್ಪ ಎಂದು ಅಂಚಿನಲ್ಲಿ ಗೀಚಿದೆವು. ಕೊನೆಯ ಕರಡು ಓದಿ ಮುಗಿದಾಗ ಚಪ್ಪಾಳೆ ತಟ್ಟಿದರು. ಈಗ ನಂಬಿಕೆ ಬಂತು ಎಂದರು ದೊಡ್ಡ ಮೇಷ್ಟ್ರು. ಅಂಥ ಕಥೆ ನಮ್ಮ ತರಗತಿಯಲ್ಲಿ ಮತ್ತೆ ಹುಟ್ಟಲಿಲ್ಲ ಎಂದು ಈಗಲೂ ಹೇಳುತ್ತೇನೆ.

ವರ್ಷದ ಕೊನೆಗೆ ನಾವು ಒಂದು ಚಿಕ್ಕ ಪುಸ್ತಕ ಮಾಡಿಸುತ್ತಿದ್ದೆವು. ಅವಳ ಕಥೆಯೇ ಮೊದಲನೆಯದು. ಮುನಿರಾಜು ಗೇಟಿನ ಹತ್ತಿರ ಪ್ರತಿ ಇಸಿದುಕೊಂಡು, ಹೆಂಡತಿಯ ಹೆಸರು ಅಚ್ಚಾದ ಪುಟವನ್ನು ಬೆರಳಿನಿಂದ ಸವರಿ ಜೇಬಿಗೆ ಹಾಕಿಕೊಂಡ. ಅಂಗಡಿಯಲ್ಲಿ ಕೂತು ಪೂರ್ತಿ ಓದಿದನಂತೆ. ಓದಿ, ಷಟರ್ ಎಳೆದು ಮನೆಗೆ ಬಂದನಂತೆ. ಅಲ್ಲಿಯವರೆಗೆ, ತೆಗೆದವಳು ಇವಳಲ್ಲದಿರಬಹುದು ಎಂಬ ಆಸೆ ಅವನಿಗೆ ಉಳಿದಿತ್ತಂತೆ. ನೀನೇ ಬರೆದಿದ್ದೀಯಲ್ಲ ಎಂದು ಅಷ್ಟೇ ಅಂದದ್ದು. ಮಾರನೇ ದಿನ ಮನೆಯವರು ನಾಗರತ್ನಳನ್ನು ಕುಮಾರಸ್ವಾಮಿ ಲೇಔಟಿನಲ್ಲಿದ್ದ ಅವಳ ಅಣ್ಣನ ಮನೆಗೆ ಬಿಟ್ಟುಬಂದರು. ಕಾವ್ಯ ಅರೆಕೆರೆಯಲ್ಲೇ ಉಳಿದಳು.

ನಾಗರತ್ನ ನಮ್ಮ ಮನೆಗೆ ಬಂದಾಗಲೇ ನನಗೆ ಇದೆಲ್ಲ ತಿಳಿದದ್ದು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ದನಿಯಲ್ಲಿ, ಪಾಠ ಒಪ್ಪಿಸುವ ಹಾಗೆ ಹೇಳಿದಳು. ಮೊದಲು ಬರೆದದ್ದೇ ನಡೆದದ್ದು, ಆಮೇಲಿನದು ತರಗತಿಯಲ್ಲಿ ತಿದ್ದಿಸಿದ್ದು ಎಂದು ನೀವು ಬಂದು ಹೇಳಿ ಸಾರ್, ಮೇಷ್ಟ್ರ ಮಾತು ಅವರು ನಂಬ್ತಾರೆ, ಮಗೂನ ಕಳಿಸ್ತಾರೆ ಎಂದಳು. ನನ್ನ ಹೆಂಡತಿ ಅವಳ ಕೈ ಹಿಡಿದು ಒಳಗೆ ಕೂರಿಸಿದಳು. ಒಂದು ಹೆಂಗಸಿನ ಸತ್ತ ಮಗುವಿನ ಮೇಲೆ ನಾವು ಅಷ್ಟು ಭಾನುವಾರ ಕೆಂಪು ಪೆನ್ನು ಆಡಿಸಿದ್ದೆವು.

ದೊಡ್ಡ ಮೇಷ್ಟ್ರ ಹತ್ತಿರ ಓಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ನಾವು ಕಥೆ ಕಲಿಸೋರಪ್ಪ, ಸಂಸಾರ ಸರಿ ಮಾಡೋರಲ್ಲ. ಕಥೆ ಮಾತ್ರ ಚೆನ್ನಾಗಿತ್ತು,” ಎಂದರು. ಅಂದು ಅವರ ಮನೆಯಿಂದ ಹೌದು ಸಾರ್ ಎನ್ನದೆ ಎದ್ದುಬಂದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಮಲ್ಲಿಕಾರ್ಜುನ ಮಾತ್ರ ನಾನು ಕರೆಯುವ ಮೊದಲೇ ಬರ್ತೀನ್ರೀ ಎಂದ. ವಿಷಯ ಕೇಳಿದಾಗಿನಿಂದ ಅವನು ಸರಿಯಾಗಿ ಉಂಡಿರಲಿಲ್ಲ. ಆ ಹುಡುಗ ಆಮೇಲೆ ಒಂದು ಸಾಲೂ ಬರೆಯಲಿಲ್ಲ. ಕೇಳಿದರೆ, ಟೈಮ್ ಸಿಗವಲ್ದರೀ ಎಂದು ನಗುತ್ತಿದ್ದ.

ಅರೆಕೆರೆಗೆ ಹೋದದ್ದನ್ನು ಹೇಳುವ ಮುಂಚೆ ನಿಮಗೆ ಹೇಳಬೇಕಾದ ಬುದ್ಧಿಮಾತು ಹೇಳಿ ಮುಗಿಸುತ್ತೇನೆ, ಆಮೇಲೆ ಹೇಳಲು ನನಗೆ ಮನಸ್ಸು ಇರುವುದಿಲ್ಲ. ಆ ವರ್ಷದ ನಂತರ ತರಗತಿಯನ್ನು ನಾನೇ ನಡೆಸಿದೆ. ಬರೆದವರು ಸುಮ್ಮನಿರಬೇಕು ಎಂಬ ಪದ್ಧತಿಯನ್ನು ತೆಗೆದುಹಾಕಿದೆ. ಕರಡು ಕೈಗೆ ಬಂದ ಕೂಡಲೇ ಬರೆದವರನ್ನು ಹೊರಗೆ ಕರೆದು, ಇದು ನಡೆದದ್ದಾ ಎಂದು ಕೇಳುತ್ತಿದ್ದೆ. ಹೌದು ಎಂದರೆ ಅದನ್ನು ತಿದ್ದಲು ಬಿಡುತ್ತಿರಲಿಲ್ಲ, ಭಾಷೆ ಸರಿಮಾಡಿ ವಾಪಸು ಕೊಡುತ್ತಿದ್ದೆ. ಇದರಿಂದ ನನ್ನ ತರಗತಿಯಲ್ಲಿ ಕಥೆಗಳು ಸಪ್ಪೆಯಾದವು, ಜನ ಕಡಿಮೆಯಾದರು. ಆಗಲಿ ಎಂದುಕೊಂಡೆ. ಕಥೆಗಾರರು ಸುಳ್ಳನ್ನು ನಿಜ ಮಾಡುತ್ತಾರೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಅದು ಬರೀ ಹೊಗಳಿಕೆಯ ಮಾತಲ್ಲ. ಮೊದಲು ಅದು ನಿಜವಾಗುವುದು ಬರೆದವರಿಗೇ.

ಆ ದಿನ ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸಿಳಿದು ನಾನು, ಮಲ್ಲಿಕಾರ್ಜುನ, ನಾಗರತ್ನ ಮೂವರೂ ಅವಳ ಗಂಡನ ಮನೆಗೆ ಹೋದೆವು. ಅಂಗಳದಲ್ಲಿ ಸಂಪನ್ನು ಪೂರ್ತಿ ಮುಚ್ಚಿ ಮೇಲೆ ಗಾರೆ ಮಾಡಿಸಿದ್ದರು. ಮುನಿರಾಜು ನಮ್ಮನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟ. ಅಕ್ಕಯ್ಯಮ್ಮ ಬಾಗಿಲ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಕಾವ್ಯ ಅವರ ತೊಡೆಗೆ ಒರಗಿದ್ದಳು. ತಾಯಿಯನ್ನು ನೋಡಿ ಎದ್ದವಳು ಅಜ್ಜಿಯ ಮುಖ ನೋಡಿ ಮತ್ತೆ ಕೂತಳು.

ನಾನು ನಮ್ಮ ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದೆ. ಮೊದಲು ಇವಳು ಬರೆದದ್ದು ಬೇರೆ, ತಾಯಿ ಮುಚ್ಚಳ ತೆಗೆದಳು ಎಂದು ಮಾಡಿಸಿದವರು ನಾವು ಎಂದೆ. ಮೊದಲು ಏನು ಬರೆದಿದ್ದಳು ಎಂದು ಮುನಿರಾಜು ಕೇಳಿದ. ಹೇಳಲೇಬೇಕಾಯಿತು. ಅಜ್ಜಿ ಎಂದೆ. ಹೇಳುವಾಗ ಅಕ್ಕಯ್ಯಮ್ಮನ ಮುಖ ನೋಡಿದೆ. ಆ ಮುದುಕಿ ಬೆಚ್ಚಲಿಲ್ಲ, ಬೈಯಲಿಲ್ಲ. ಮೊಮ್ಮಗಳ ಜಡೆ ಸವರುತ್ತಿದ್ದ ಅವರ ಕೈ ಅಲ್ಲೇ ನಿಂತುಹೋಯಿತು. ತೆಗೆದದ್ದು ತಾನೇ ಎಂದು ಇವರಿಗೆ ಗೊತ್ತಿದೆ ಎಂಬುದು ನನಗೆ ಆ ಕ್ಷಣವೇ ಖಾತ್ರಿಯಾಯಿತು. ಮಲ್ಲಿಕಾರ್ಜುನ ಮುನಿರಾಜುವಿನ ಕಾಲ ಹತ್ತಿರ ಕೂತು, ತಪ್ಪೆಲ್ಲ ನಂದ್ರೀ ಅಣ್ಣಾರ, ಅಕ್ಕಾರು ಬರದಿದ್ದಲ್ಲ, ನಾ ಹೇಳಿ ಬರೆಸಿದ್ದು ಎಂದು ಕೈ ಮುಗಿದ.

ಮುನಿರಾಜು ಮಗಳನ್ನು ಹತ್ತಿರ ಕರೆದು ಹೆಂಡತಿಯ ಎದುರು ನಿಲ್ಲಿಸಿದ.

“ಸಾರ್, ಕಥೆ ಗಿತೆ ನಂಗ್ ಗೊತ್ತಾಗಲ್ಲ. ಇವಳೇ ಹೇಳ್ಲಿ. ಕಾವ್ಯನ ತಲೆ ಮುಟ್ಟಿ, ನಾನ್ ತೆಗೀಲಿಲ್ಲ ಅಂತ ಒಂದ್ ಮಾತ್ ಹೇಳ್ಲಿ ಸಾಕು. ನಮ್ಮಮ್ಮನ್ನ ನಾನ್ ಏನೂ ಕೇಳಲ್ಲ. ಮಗೂನ ಈಗ್ಲೇ ಕಳಿಸ್ತೀನಿ.”

ನನಗೆ ಉಸಿರು ಬಂದ ಹಾಗಾಯಿತು. ಇಷ್ಟೇ ತಾನೇ. ನಿಜ ಹೇಳುವುದು ಅಷ್ಟೇ. ನಾಗರತ್ನ ಎದ್ದಳು, ಮಗಳ ತಲೆಯ ಮೇಲೆ ಕೈ ಚಾಚಿದಳು. ಕೈ ಕೂದಲಿನಿಂದ ಒಂದು ಗೇಣು ಮೇಲೆ ನಿಂತಿತು. ಹೇಳು ನಾಗರತ್ನ ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ನಾವು ಕಲಿಸಿದ್ದೇ ಹಾಗೆ. ಮುಚ್ಚಿದ ಕಣ್ಣಿನ ಹಿಂದೆ ಏನನ್ನೋ ಹುಡುಕುವವಳ ಹಾಗೆ ಹುಬ್ಬು ಗಂಟಿಕ್ಕಿತು. ಕಾವ್ಯ ತಲೆ ಎತ್ತಿ ಆ ಕೈಯನ್ನೇ ನೋಡುತ್ತಿದ್ದಳು. ಕೊನೆಗೆ ನಾಗರತ್ನ ಕೈ ಹಿಂದಕ್ಕೆ ತೆಗೆದುಕೊಂಡು, ಅಂಗೈಯನ್ನು ಸೀರೆಗೆ ಒರೆಸಿಕೊಂಡಳು.

“ಮೇಲಿಂದ ನೋಡಿದ್ದು ಅಂತ ಗೊತ್ತು ಸಾರ್, ಆದ್ರೆ ಅದು ಕಣ್ಣಿಗೆ ಬರ್ತಾನೇ ಇಲ್ಲ. ಮುಚ್ಚಳ ಎತ್ತಿದ್ದೇ ಬರ್ತಿದೆ. ಹಿಡಿ ಬಿಸಿ ಇತ್ತು. ಮಗು ತಲೆ ಮುಟ್ಟಿ ಹೆಂಗ್ ಹೇಳ್ಲಿ?”

ಅಕ್ಕಯ್ಯಮ್ಮನ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು. ಅವರು ಗೋಡೆ ಹಿಡಿದು ಎದ್ದು, ಮೊಮ್ಮಗಳ ಕೈ ಹಿಡಿದುಕೊಂಡು ಒಳಗೆ ಹೋದರು.